ಹಕ್ಕಿ–ಚಿಟ್ಟೆ ಪ್ರಶ್ನೋತ್ತರ: ನೀರು ಇಳಿದ ದಂಡೆಯಲ್ಲಿ

ಪ್ರಶ್ನೆ: ಮೇ ತಿಂಗಳ ಕೊನೆಯ ಭಾನುವಾರ ಮಕ್ಕಳನ್ನು ಕರೆದುಕೊಂಡು ಭದ್ರಾ ಹಿನ್ನೀರಿನ ಕಡೆ ಹೋಗಿದ್ದೆವು. ನೀರು ಇಳಿದು ಬಯಲಾಗಿದ್ದ ಜಾಗದಲ್ಲಿ ನಡೆಯುತ್ತಿದ್ದಾಗ ಉದ್ದ ಕಾಲಿನ ಹಕ್ಕಿಯೊಂದು ಕಿರುಚುತ್ತ ತಲೆಯ ಮೇಲೆಯೇ ಎರಗಿ ಬಂತು. ಕೆನ್ನೆಯ ಹತ್ತಿರ ಕೆಂಪು ಬಣ್ಣವಿತ್ತು. ಅದು ಯಾವ ಹಕ್ಕಿ, ಹಾಗೇಕೆ ಮಾಡಿತು?
— ಓದುಗರೊಬ್ಬರು, ಭದ್ರಾವತಿ

ಉತ್ತರ: ತಾವು ಕಂಡದ್ದು ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ತೊಗಲು, ಕಪ್ಪು ಎದೆ, ಬಿಳಿ ಹೊಟ್ಟೆ, ಹಳದಿ ಕಾಲುಗಳಿರುವ ಈ ಹಕ್ಕಿಗೆ ಆ ಹೆಸರು ಬಂದಿರುವುದೇ ಅದರ ಕೂಗಿನಿಂದ. ಅದು ನಿಮ್ಮ ಮೇಲೆ ಎರಗಿದ್ದು ಸಿಟ್ಟಿನಿಂದಲ್ಲ. ನೀವು ನಡೆಯುತ್ತಿದ್ದ ನೆಲದಲ್ಲೇ ಎಲ್ಲೋ ಅದರ ಮೊಟ್ಟೆಗಳೋ ಮರಿಗಳೋ ಇದ್ದಿರಬೇಕು. ಟಿಟ್ಟಿಭ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಸಣ್ಣ ತಗ್ಗು ಮಾಡಿ, ಸುತ್ತ ನಾಲ್ಕು ಹರಳು ಜೋಡಿಸಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆಗಳು ಕಾಲ ಬುಡದಲ್ಲಿದ್ದರೂ ಕಲ್ಲುಹರಳಿನಂತೆಯೇ ತೋರುವುದರಿಂದ, ಹಕ್ಕಿ ಕೂಗಿ ಎಚ್ಚರಿಸದಿದ್ದರೆ ನಾವು ತುಳಿದುಬಿಡುವುದೇ ಹೆಚ್ಚು.

ತುಳಿಯುವುದಕ್ಕಿಂತಲೂ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಬಿಸಿಲು. ಮೇ ತಿಂಗಳ ನಡುಹಗಲಿನಲ್ಲಿ ತಾಯಿಹಕ್ಕಿ ಕಾವು ಕೊಡುವುದಕ್ಕಿಂತ ಮೊಟ್ಟೆಗಳಿಗೆ ನೆರಳು ಹಿಡಿಯುವುದೇ ಹೆಚ್ಚು. ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ನಾವು ಫೋಟೊಕ್ಕಾಗಿ ಅಲ್ಲೇ ಸುಳಿದಾಡುತ್ತಿದ್ದಷ್ಟು ಹೊತ್ತೂ ಅದು ಗೂಡಿಗೆ ಮರಳದು. ಆ ಹೊತ್ತಿನಲ್ಲಿ ಮೊಟ್ಟೆಯೊಳಗಿನ ಜೀವ ಬೇಯುತ್ತದೆ, ಇಲ್ಲವೇ ಕಾಗೆ ಬಂದು ಕುಕ್ಕುತ್ತದೆ.

ಇದೇ ಹಿನ್ನೀರಿನಲ್ಲಿ ಇನ್ನೊಂದು ಹಕ್ಕಿಯ ಸಂಸಾರವೂ ಬೇಸಿಗೆಯಲ್ಲೇ ನಡೆಯುತ್ತದೆ. ನಾಲೆಗಳಿಗೆ ನೀರು ಬಿಟ್ಟು ಜಲಾಶಯದ ಮಟ್ಟ ಇಳಿದಂತೆ ಮೇಲೆದ್ದು ಕಾಣುವ ನಡುಗಡ್ಡೆಗಳಲ್ಲಿ ರೀವಗಳು, ಅಂದರೆ ರಿವರ್ ಟರ್ನ್‌ಗಳು, ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಕಪ್ಪು ಟೊಪ್ಪಿಗೆ, ಹಳದಿ ಕೊಕ್ಕು, ಕವಲುಬಾಲದ ಈ ಸುಂದರ ಹಕ್ಕಿ ನಾಡಿನ ಅನೇಕ ಹೊಳೆಗಳಿಂದ ಕಡಿಮೆಯಾಗುತ್ತಿರುವಾಗ ಭದ್ರಾ ಅಣೆಕಟ್ಟೆಯಿರುವ ಲಕ್ಕವಳ್ಳಿಯ ಈ ಹಿನ್ನೀರು ಅದಕ್ಕೆ ದೊಡ್ಡ ಆಸರೆಯಾಗಿದೆ. ಮಳೆ ಬೇಗ ಬಂದು ನೀರು ಏರಿದರೆ ಆ ವರ್ಷದ ಮೊಟ್ಟೆಗಳು ಮುಳುಗುತ್ತವೆ. ಅದನ್ನು ನಾವು ತಡೆಯಲಾರೆವು. ಆದರೆ ನಡುಗಡ್ಡೆಗೆ ಕಾಲಿಡದಿರುವುದು, ನಾಯಿಯನ್ನು ಕರೆದೊಯ್ಯದಿರುವುದು ನಮ್ಮ ಕೈಯಲ್ಲಿದೆ. ಮುಂದಿನ ಸಲ ಬೈನಾಕ್ಯುಲರ್ ಹಿಡಿದು ಮರಗಳಿರುವ ಮೇಲಿನ ಅಂಚಿನಲ್ಲೇ ಕುಳಿತುಕೊಳ್ಳಿ. ಹಕ್ಕಿ ಕೂಗಿತೆಂದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಮಕ್ಕಳಿಗೂ ಕಾರಣ ಹೇಳಿ, ಅವರು ದೊಡ್ಡವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ನಮ್ಮ ಅಡಿಕೆ ತೋಟದ ಮೇಲೆ ಕಪ್ಪು ಮತ್ತು ತಿಳಿನೀಲಿ ಬಣ್ಣದ ಚಿಟ್ಟೆಗಳು ನೂರಾರು ಸಂಖ್ಯೆಯಲ್ಲಿ ಒಂದೇ ದಿಕ್ಕಿಗೆ ಹಾರಿಹೋದವು. ಹೂವಿನ ಮೇಲೆ ಕೂರುವುದೂ ಅಪರೂಪವಾಗಿತ್ತು. ಎಲ್ಲಿಗೆ ಹೋಗುತ್ತವೆ?
— ಓದುಗರೊಬ್ಬರು, ಸಾಗರ

ಉತ್ತರ: ಅವು ವಲಸೆ ಹೊರಟ ಚಿಟ್ಟೆಗಳು. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಮತ್ತು ಕಂದುಬಣ್ಣದ ಎರಡು ಬಗೆಯ ಕ್ರೋ ಚಿಟ್ಟೆಗಳು ಮುಂಗಾರಿನ ಜಡಿಮಳೆಗೆ ಮೊದಲು ಘಟ್ಟದ ಕಾಡುಗಳನ್ನು ಬಿಟ್ಟು ಪೂರ್ವದ ಬಯಲುಸೀಮೆಯ ಕಡೆ ಸಾಗುತ್ತವೆ. ಅಲ್ಲಿ ಸಂತಾನ ಬೆಳೆದು, ಅಕ್ಟೋಬರ್–ನವೆಂಬರ್ ಸುಮಾರಿಗೆ ಮುಂದಿನ ಪೀಳಿಗೆಯ ಚಿಟ್ಟೆಗಳು ಘಟ್ಟಕ್ಕೆ ಮರಳುತ್ತವೆ. ಹೋದ ಚಿಟ್ಟೆಯೇ ಹಿಂತಿರುಗುವುದಿಲ್ಲ, ಆದರೂ ದಾರಿ ತಪ್ಪುವುದಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ತೋಟದ ಬೇಲಿಯಲ್ಲಿ ಗಿಜಿಗಿಜಿ ಗಿಡವಿದ್ದರೆ ಕಡಿಯಬೇಡಿ. ಗಂಡು ಚಿಟ್ಟೆಗಳು ಅದರ ಒಣಗಿದ ಎಲೆ, ಕಾಂಡಗಳಿಂದ ಹೀರುವ ರಸಾಯನವೇ ಹೆಣ್ಣನ್ನು ಸೆಳೆಯುವ ಗಂಧಕ್ಕೆ ಮೂಲ. ಇನ್ನೊಮ್ಮೆ ಇಂಥ ಹಾರಾಟ ಕಂಡರೆ ಎರಡು ಮರಗಳ ನಡುವಿನ ಜಾಗವನ್ನು ಗುರುತಿಟ್ಟುಕೊಂಡು, ಐದು ನಿಮಿಷಕ್ಕೆ ಎಷ್ಟು ಚಿಟ್ಟೆಗಳು ದಾಟಿದವು, ಯಾವ ದಿಕ್ಕಿಗೆ, ಎಷ್ಟು ಗಂಟೆಗೆ ಎಂದು ತಾರೀಖಿನೊಂದಿಗೆ ಬರೆದಿಡಿ.

ಪ್ರಶ್ನೆ: ಹಳ್ಳದ ಒದ್ದೆ ಮರಳಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂರುವುದೇಕೆ? ಈಗ ಮಂಡಗದ್ದೆಗೆ ಹೋದರೆ ಹಕ್ಕಿಗಳು ಸಿಗುತ್ತವೆಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮರಳಿನ ತೇವದಲ್ಲಿ ಕರಗಿರುವ ಉಪ್ಪಿಗಾಗಿ. ಹೀಗೆ ಕೂರುವವು ಬಹುತೇಕ ಗಂಡುಗಳೇ. ಮಂಡಗದ್ದೆಗೆ ಈಗಲೇ ಹೋಗಬೇಡಿ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆ ಹಿಡಿದ ಮೇಲೆ. ಜುಲೈ ಕಳೆಯಲಿ. ಸೊರಬ ತಾಲ್ಲೂಕಿನ ಗುಡವಿ ಕೆರೆಗೂ ಬಿಳಿ ಕೆಂಬರಲುಗಳು, ಅಂದರೆ ಐಬಿಸ್‌ಗಳು, ಬರುವುದು ಮಳೆಯೊಂದಿಗೇ.