ಬೆಲೆಯಿಲ್ಲದ ಪತ್ರಿಕೆ ಯಾರ ಹಂಗಿನಲ್ಲಿರುತ್ತದೆ?

(ಕಳೆದ ಸಂಚಿಕೆಯಲ್ಲಿ ಜಿಲ್ಲಾ ಪತ್ರಿಕೆಗಳ ಕಷ್ಟಸುಖ ಕುರಿತ ಟಿಪ್ಪಣಿಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ‘ಸಾಂತಾ ಬಾರ್ಬರಾ ಇಂಡಿಪೆಂಡೆಂಟ್’ ಎಂಬ ಉಚಿತ ವಾರಪತ್ರಿಕೆಯ ಹೆಸರು ಒಂದು ಸಾಲಿನಲ್ಲಿ ಬಂದಿತ್ತು. ಅದನ್ನು ಓದಿ ತಿಪಟೂರಿನ ನಿವೃತ್ತ ಉಪಾಧ್ಯಾಯರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಹೀಗಿದೆ: “ಪುಕ್ಕಟೆ ಹಂಚುವ ಪತ್ರಿಕೆ ಇಷ್ಟು ವರ್ಷ ಬದುಕಿದೆ ಎಂದರೆ ನಂಬುವುದು ಕಷ್ಟ. ಕಾಸು ಕೊಡದೆ ಸಿಕ್ಕಿದ್ದನ್ನು ಜನ ಓದುತ್ತಾರೆಯೇ? ಜಾಹೀರಾತು ಕೊಟ್ಟವರ ಮುಲಾಜಿಗೆ ಅದು ಬೀಳುವುದಿಲ್ಲವೇ? ಒಳ್ಳೆಯದೇ ಆಗಿದ್ದರೆ ತುಮಕೂರಿನಲ್ಲಿ ಅಂಥದ್ದು ಏಕಿಲ್ಲ, ತಾವೇ ಏಕೆ ಮಾಡಬಾರದು?”)

ಮಾನ್ಯರೇ,

ತಮ್ಮ ಪ್ರಶ್ನೆಗಳಲ್ಲಿ ಮುಲಾಜಿನ ಪ್ರಶ್ನೆಯೇ ಉಳಿದೆಲ್ಲಕ್ಕೂ ಬೇರು ಎಂದು ನನ್ನ ಎಣಿಕೆ. ಅದಕ್ಕೆ ಉತ್ತರ ಹೇಳುವ ಮೊದಲು ಆ ಪತ್ರಿಕೆ ಎಂಥ ಊರಿನಲ್ಲಿ, ಯಾವ ಕಾಲದಲ್ಲಿ ಹುಟ್ಟಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಸಾಂತಾ ಬಾರ್ಬರಾ ದೊಡ್ಡ ಊರೇನಲ್ಲ. ಲಾಸ್ ಏಂಜಲೀಸ್‌ನಿಂದ ವಾಯವ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಮುಂದೆ ಪೆಸಿಫಿಕ್ ಸಾಗರ, ಹಿಂದೆ ಬೆಟ್ಟಸಾಲು, ಇವೆರಡರ ನಡುವಿನ ಕಿರಿದಾದ ನೆಲದಲ್ಲಿರುವ ಆ ಊರಿನ ಜನಸಂಖ್ಯೆ 90 ಸಾವಿರದ ಆಸುಪಾಸು. 2011ರ ಜನಗಣತಿಯ ಹೊತ್ತಿಗೇ ನಮ್ಮ ತುಮಕೂರು ನಗರ 3 ಲಕ್ಷ ದಾಟಿತ್ತು. ಸ್ಥಿತಿವಂತರು ಮನೆ ಕಟ್ಟಿಕೊಂಡು ನೆಮ್ಮದಿಯಾಗಿದ್ದ, ಪ್ರವಾಸಿಗರು ಬಂದುಹೋಗುತ್ತಿದ್ದ, ಪಕ್ಕದಲ್ಲೇ ವಿಶ್ವವಿದ್ಯಾಲಯವೂ ಇದ್ದ ಆ ಊರಿನ ನೆಮ್ಮದಿ ಕೆಟ್ಟದ್ದು 1969ರ ಜನವರಿ 28ರಂದು. ಯೂನಿಯನ್ ಆಯಿಲ್ ಕಂಪನಿಯವರು ಕಡಲಿನ ನಡುವೆ ಕೊರೆಯುತ್ತಿದ್ದ ಬಾವಿಯೊಂದು ಅಂದು ಸಿಡಿಯಿತು. ಮುಂದಿನ ದಿನಗಳಲ್ಲಿ 80 ಸಾವಿರದಿಂದ 1 ಲಕ್ಷ ಬ್ಯಾರೆಲ್‌ನಷ್ಟು ಕಚ್ಚಾ ತೈಲ ನೀರಿಗೆ ಸೇರಿ, ಮರಳಿನ ದಂಡೆಗೆ ಕಪ್ಪು ಜಿಡ್ಡು ಬಡಿಯಿತು. ಸಾವಿರಾರು ಕಡಲಹಕ್ಕಿಗಳು ರೆಕ್ಕೆ ಬಿಚ್ಚಲಾಗದೆ ಸತ್ತವು. ಅದುವರೆಗೆ ಸಭೆ ಮೆರವಣಿಗೆಗಳ ಗೋಜಿಗೆ ಹೋಗದಿದ್ದ ಮನೆತನದವರೂ ‘ಗೆಟ್ ಆಯಿಲ್ ಔಟ್’ ಎಂಬ ಸಂಘಟನೆಯ ಮನವಿಗೆ ಸಹಿ ಹಾಕಿದರು. ಆ ದಂಡೆಯನ್ನು ಕಣ್ಣಾರೆ ಕಂಡ ಸೆನೆಟರ್ ಗೇಲಾರ್ಡ್ ನೆಲ್ಸನ್ ಅವರ ಪ್ರಯತ್ನದಿಂದ 1970ರ ಏಪ್ರಿಲ್ 22ರಂದು ಮೊದಲ ಭೂಮಿ ದಿನ ನಡೆಯಿತು. ಅದಕ್ಕೆ ಎರಡು ತಿಂಗಳು ಮೊದಲು, ವಿದ್ಯಾರ್ಥಿಗಳೇ ತುಂಬಿದ್ದ ನೆರೆಯ ಐಲಾ ವಿಸ್ಟಾದಲ್ಲಿ, ವಿಯೆಟ್ನಾಂ ಯುದ್ಧದ ದಿನಗಳ ಸಿಟ್ಟು ಬ್ಯಾಂಕ್ ಶಾಖೆಯೊಂದನ್ನು ಸುಟ್ಟುಹಾಕಿತ್ತು.

ಹೀಗೆ ಕುದಿಯುತ್ತಿದ್ದ ಊರಿನಲ್ಲಿ 1970ರ ದಶಕದ ಆರಂಭಕ್ಕೆ ‘ನ್ಯೂಸ್ ಅಂಡ್ ರಿವ್ಯೂ’ ಎಂಬ ಪರ್ಯಾಯ ಪತ್ರಿಕೆ ಕಾಣಿಸಿಕೊಂಡಿತು. ಯಾವುದಕ್ಕೆ ಪರ್ಯಾಯ ಎಂದರೆ, ಊರಿನ ಏಕೈಕ ದೊಡ್ಡ ದಿನಪತ್ರಿಕೆಯಾಗಿದ್ದ ‘ನ್ಯೂಸ್-ಪ್ರೆಸ್’ಗೆ. ಆ ದಿನಪತ್ರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಬಲಪಂಥೀಯ ಜಾನ್ ಬರ್ಚ್ ಸೊಸೈಟಿಯ ವಿರುದ್ಧ ಬರೆದ ಸಂಪಾದಕೀಯಗಳಿಗಾಗಿ ಅದರ ಸಂಪಾದಕ ಥಾಮಸ್ ಸ್ಟೋರ್ಕ್ ಅವರಿಗೆ 1962ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ಆದರೂ ಒಂದೇ ಪತ್ರಿಕೆ ಇರುವ ಊರಿನಲ್ಲಿ, ಅದು ಬರೆಯದೆ ಬಿಟ್ಟದ್ದು ನಡೆದೇ ಇಲ್ಲವೆಂಬಂತೆ ಆಗಿಬಿಡುತ್ತದೆ. 1986ರಲ್ಲಿ ‘ನ್ಯೂಸ್ ಅಂಡ್ ರಿವ್ಯೂ’ ಮತ್ತು ‘ಸಾಂತಾ ಬಾರ್ಬರಾ ವೀಕ್ಲಿ’ ಎಂಬ ಇನ್ನೊಂದು ಪತ್ರಿಕೆ ಕೂಡಿ ‘ಇಂಡಿಪೆಂಡೆಂಟ್’ ಆಯಿತು. ಸ್ಥಾಪಕರಲ್ಲಿ ಒಬ್ಬರಾಗಿ ಸಂಪಾದಕತ್ವ ವಹಿಸಿಕೊಂಡ ಮೇರಿಯಾನ್ ಪಾರ್ಟ್ರಿಜ್ ಅವರು ಅದಕ್ಕೆ ಮೊದಲು, 1970ರ ದಶಕದ ಉತ್ತರಾರ್ಧದಲ್ಲಿ, ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಸಂಪಾದಕಿಯಾಗಿದ್ದವರು.

‘ವಿಲೇಜ್ ವಾಯ್ಸ್’ 1955ರಲ್ಲಿ ಶುರುವಾದಾಗ ಅದಕ್ಕೆ ಬೆಲೆಯಿತ್ತು. ಅದು ಉಚಿತವಾದದ್ದು 1996ರಲ್ಲಿ. ಬೆಲೆಯನ್ನೇ ಬಿಟ್ಟು ವಾರಪತ್ರಿಕೆ ನಡೆಸಬಹುದೆಂದು ತೋರಿಸಿಕೊಟ್ಟ ಮುಖ್ಯ ಪ್ರಯೋಗ 1971ರಲ್ಲಿ ಹೊರಟ ‘ಷಿಕಾಗೊ ರೀಡರ್’. ಕಾಲೇಜು ಮುಗಿಸಿದ ಕೆಲವು ಗೆಳೆಯರು ಮಾಡಿದ ಲೆಕ್ಕ ಸರಳವಾಗಿತ್ತು: ಓದುಗನಿಂದ ಚಿಲ್ಲರೆ ವಸೂಲಿ ಮಾಡಲು ಏಜೆಂಟರು, ಕಮಿಷನ್ನು, ಬಾಕಿ ಎಂದು ಆಗುವ ತಲೆನೋವಿಗೆ ಹೋಲಿಸಿದರೆ ಪತ್ರಿಕೆಯನ್ನು ಅಂಗಡಿ ಬಾಗಿಲಲ್ಲಿಟ್ಟು ಬರುವುದೇ ಅಗ್ಗ. ಈ ಲೆಕ್ಕ ಕ್ಯಾಲಿಫೋರ್ನಿಯಾದ ಕಡಲತೀರದ ಸಣ್ಣ ಊರುಗಳಿಗೆ ಚೆನ್ನಾಗಿ ಹೊಂದಿತು. ಸಾಂತಾ ಕ್ರೂಜ್‌ನಲ್ಲಿ 1975ರಲ್ಲಿ ‘ಗುಡ್ ಟೈಮ್ಸ್’, ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ 1986ರಲ್ಲಿ ‘ನ್ಯೂ ಟೈಮ್ಸ್’, ಮಾಂಟೆರೆಯಲ್ಲಿ 1988ರಲ್ಲಿ ‘ಕೋಸ್ಟ್ ವೀಕ್ಲಿ’ ಹೀಗೆಯೇ ಹುಟ್ಟಿದವು.

ಕಾಸು ಕೊಡದ್ದನ್ನು ಜನ ಓದುತ್ತಾರೆಯೇ ಎಂಬ ತಮ್ಮ ಸಂಶಯ ಸಹಜ. ದಿನಪತ್ರಿಕೆಯ ಮಡಿಕೆಯಲ್ಲಿ ಬೀಳುವ ಸೀರೆ ಅಂಗಡಿಯ ಕರಪತ್ರಕ್ಕೆ ಆಗುವ ಗತಿಯನ್ನು ದಿನಾ ಕಾಣುವ ನಮಗೆ ಹಾಗೆ ಅನ್ನಿಸದೆ ಇರದು. ಆದರೆ ಬೇಸಿಗೆಯ ಅರವಟ್ಟಿಗೆಯಲ್ಲಿ ಕೊಟ್ಟ ನೀರನ್ನು ಬೆಲೆಯಿಲ್ಲವೆಂದು ಯಾರೂ ಚೆಲ್ಲುವುದಿಲ್ಲ. ಬಾಯಾರಿಕೆ ಇರಬೇಕು, ಅಷ್ಟೆ. ಈ ಬಗೆಯ ವಾರಪತ್ರಿಕೆ ಮನೆಮನೆಗೆ ಎಸೆಯುವಂಥದ್ದಲ್ಲ. ಕಾಫಿ ಅಂಗಡಿ, ಪುಸ್ತಕದಂಗಡಿ, ಗ್ರಂಥಾಲಯಗಳ ಬಾಗಿಲಲ್ಲಿ, ರಸ್ತೆ ಬದಿಯ ಪೆಟ್ಟಿಗೆಗಳಲ್ಲಿ ಗುರುವಾರ ಬೆಳಿಗ್ಗೆ ಕಟ್ಟುಗಳನ್ನು ಇಟ್ಟುಹೋಗುತ್ತಾರೆ. ಬೇಕಾದವನು ಬಗ್ಗಿ ಎತ್ತಿಕೊಳ್ಳಬೇಕು. ಮುಂದಿನ ವಾರ ಹೊಸ ಕಟ್ಟು ತರುವವನು ಹಳೆಯದರಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಿ ಬರೆದುಕೊಂಡು, ಉಳಿದ ಕಡೆ ಕಡಿಮೆ ಮಾಡಿ, ಖಾಲಿಯಾದ ಕಡೆ ಹೆಚ್ಚಿಸುತ್ತಾನೆ. ಜಾಹೀರಾತುದಾರನಿಗೆ ತೋರಿಸುವ ಪ್ರಸಾರದ ಲೆಕ್ಕ ಹುಟ್ಟುವುದು ಈ ಎಣಿಕೆಯಿಂದ. ರದ್ದಿಯವನಿಗೇ ನೇರವಾಗಿ ತೂಕ ಹಾಕಿ ಪ್ರಸಾರ ಸಂಖ್ಯೆ ಏರಿಸಿಕೊಳ್ಳುವ ನಮ್ಮ ಕಡೆಯ ಕೆಲವು ಜಾಣತನಗಳನ್ನು ಬಲ್ಲವರಿಗೆ ಇದು ತುಸು ಬಿಗಿಯಾದ ಲೆಕ್ಕವಾಗಿಯೇ ಕಾಣುತ್ತದೆ.

ಇನ್ನು ಮುಲಾಜಿನ ವಿಷಯ. ನಮ್ಮಲ್ಲಿ ಸ್ವತಂತ್ರ ಪತ್ರಿಕೆ ಎಂದೊಡನೆ ನೆನಪಾಗುವುದು 1980ರಲ್ಲಿ ಹೊರಟ ‘ಲಂಕೇಶ್ ಪತ್ರಿಕೆ’. ಅದು ಜಾಹೀರಾತನ್ನೇ ಒಲ್ಲೆನೆಂದು, ಓದುಗ ಕೊಡುವ ಬೆಲೆಯನ್ನೇ ನಂಬಿ ನಡೆಯಿತು. ನಮ್ಮ ಕರಾವಳಿಯಲ್ಲಿ 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಿಂದ ಹೊರಡಿಸಿದ ‘ಮುಂಗಾರು’ ದಿನಪತ್ರಿಕೆ ಓದುಗರಿಂದಲೇ ಬಂಡವಾಳ ಕೂಡಿಸಿದ ಸಾಹಸ. ದಿನಪತ್ರಿಕೆಯ ಖರ್ಚಿನ ಮುಂದೆ ಅದು ಬಹುಕಾಲ ನಿಲ್ಲಲಿಲ್ಲ. ಸಾಂತಾ ಬಾರ್ಬರಾದವರು ಹಿಡಿದದ್ದು ತದ್ವಿರುದ್ಧ ದಾರಿ: ಓದುಗನ ಬೆಲೆ ಬೇಡ, ಜಾಹೀರಾತೇ ಎಲ್ಲ. ಮೇಲ್ನೋಟಕ್ಕೆ ಒಂದು ಇನ್ನೊಂದರ ವೈರಿಯಂತೆ ಕಂಡರೂ, ಇವುಗಳಿಗೆ ಆಸರೆಯಾದದ್ದು ಒಂದೇ ಸಂಗತಿ ಎಂಬುದು ನನ್ನ ಅಭಿಪ್ರಾಯ: ದುಡ್ಡು ಕೊಡುವ ಕೈಗಳು ಬಹಳ ಇದ್ದವು, ಪ್ರತಿ ಕೈಯೂ ಕೊಡುತ್ತಿದ್ದದ್ದು ಸ್ವಲ್ಪ. ಲಂಕೇಶರ ಮೇಲೆ ಸಿಟ್ಟಾದ ಒಬ್ಬ ಓದುಗ ಪತ್ರಿಕೆ ಕೊಳ್ಳುವುದನ್ನು ಬಿಟ್ಟರೆ ಆಗುವ ನಷ್ಟ ಎಷ್ಟೋ, ಸಾಂತಾ ಬಾರ್ಬರಾದ ಒಂದು ಸಣ್ಣ ಹೋಟೆಲಿನವನು ಮುನಿಸಿಕೊಂಡರೆ ಆಗುತ್ತಿದ್ದ ನಷ್ಟವೂ ಹೆಚ್ಚುಕಡಿಮೆ ಅಷ್ಟೇ. ಇಂಥ ವಾರಪತ್ರಿಕೆಗಳ ಹಿಂದಿನ ಪುಟಗಳನ್ನು ತೆರೆದರೆ ಬಾಡಿಗೆ ಕೋಣೆ, ಹಳೇ ಕಾರು, ಗಿಟಾರ್ ಪಾಠ, ಶನಿವಾರದ ಸಂಗೀತ, ಯೋಗದ ತರಗತಿ, ಸಂಗಾತಿ ಬೇಕಾದವರ ಪ್ರಕಟಣೆ, ಹೀಗೆ ಬೆರಳಗಲದ ಜಾಹೀರಾತುಗಳು ಒತ್ತೊತ್ತಾಗಿ ಇರುತ್ತಿದ್ದವು. ದೊಡ್ಡ ದಿನಪತ್ರಿಕೆಯ ದರ ಭರಿಸಲಾಗದ ಈ ಜನರೇ ಮುಂದಿನ ಪುಟಗಳಲ್ಲಿನ ನಗರಸಭೆಯ ವರದಿಗೂ ತೈಲ ಕಂಪನಿಯ ಮೇಲಿನ ಬರಹಕ್ಕೂ ಸಂಬಳ ಕೊಡುತ್ತಿದ್ದವರು.

ಇದರ ಬಲ ಗೊತ್ತಾದದ್ದು 2006ರಲ್ಲಿ. ಒಂದೂವರೆ ಶತಮಾನದ ಇತಿಹಾಸವಿದ್ದ ‘ನ್ಯೂಸ್-ಪ್ರೆಸ್’ ಅನ್ನು 2000ದಲ್ಲಿ ನ್ಯೂಯಾರ್ಕ್ ಟೈಮ್ಸ್ ಕಂಪನಿಯಿಂದ ಸ್ಥಳೀಯ ಶ್ರೀಮಂತೆಯೊಬ್ಬರು ಕೊಂಡಿದ್ದರು. ಸಂಪಾದಕೀಯ ವಿಭಾಗದಲ್ಲಿ ಅವರ ಕೈವಾಡ ಹೆಚ್ಚಿತೆಂಬ ಅಸಮಾಧಾನ ಬೆಳೆಯುತ್ತಲೇ ಇತ್ತು. ಹೆಸರಾಂತ ನಟರೊಬ್ಬರು ಮನೆ ಕಟ್ಟಲು ಹೊರಟಿದ್ದ ಖಾಲಿ ನಿವೇಶನದ ವಿಳಾಸವನ್ನು, ಯೋಜನಾ ಆಯೋಗದ ಮುಂದೆ ಬಹಿರಂಗವಾಗಿ ಚರ್ಚೆಯಾದದ್ದನ್ನೇ, ವರದಿಯಲ್ಲಿ ಅಚ್ಚು ಹಾಕಿದ್ದಕ್ಕೆ ಪತ್ರಕರ್ತರಿಗೆ ಛೀಮಾರಿಯಾಯಿತು. ಜುಲೈ ಮೊದಲ ವಾರದಲ್ಲಿ ಸಂಪಾದಕ ಜೆರ್ರಿ ರಾಬರ್ಟ್ಸ್ ಮತ್ತು ಹಿರಿಯ ಸಹೋದ್ಯೋಗಿಗಳು ಒಟ್ಟಿಗೆ ರಾಜೀನಾಮೆ ಕೊಟ್ಟು ಹೊರನಡೆದರು. ಉಳಿದ ಸಿಬ್ಬಂದಿ ಒಂದು ಮಧ್ಯಾಹ್ನ ಕಚೇರಿಯ ಮುಂದಿನ ಚೌಕದಲ್ಲಿ ಬಾಯಿಗೆ ಅಗಲವಾದ ಟೇಪು ಅಂಟಿಸಿಕೊಂಡು, ಒಂದು ಮಾತೂ ಆಡದೆ ಸಾಲಾಗಿ ನಿಂತರು. ತನ್ನದೇ ಮನೆಯ ಈ ಕಥೆಯನ್ನು ತನ್ನದೇ ವರದಿಗಾರರು ಬರೆದುಕೊಟ್ಟಾಗ ದಿನಪತ್ರಿಕೆ ಅದನ್ನು ಅಚ್ಚಿಗೆ ಬಿಡಲಿಲ್ಲ. ಊರಿನವರು ಅದನ್ನು ಓದಿದ್ದು ಪುಕ್ಕಟೆ ವಾರಪತ್ರಿಕೆಯಲ್ಲಿ. ಸುಮಾರು 46 ವರ್ಷ ದಿನಪತ್ರಿಕೆಯಲ್ಲಿದ್ದ ಅಂಕಣಕಾರ ಬಾರ್ನಿ ಬ್ರಾಂಟಿಂಗ್‌ಹ್ಯಾಮ್ ತಮ್ಮ ಅಂಕಣವನ್ನು ‘ಇಂಡಿಪೆಂಡೆಂಟ್’ಗೆ ತಂದರು. ದಿನಪತ್ರಿಕೆಯ ಕಂಪನಿ ವಾರಪತ್ರಿಕೆಯ ಮೇಲೆ ಕೃತಿಸ್ವಾಮ್ಯದ ದಾವೆ ಹೂಡಿತು. ಅದು ಮುಂದೆ ರಾಜಿಯಲ್ಲಿ ಮುಗಿಯಿತು. ಬೆಲೆಯಿದ್ದ ಪತ್ರಿಕೆ ಒಬ್ಬರ ಮರ್ಜಿಯಲ್ಲಿತ್ತು, ಬೆಲೆಯಿಲ್ಲದ್ದು ನೂರಾರು ಅಂಗಡಿಗಳ ನಡುವೆ ಹಂಚಿಹೋಗಿತ್ತು. ಹಂಗು ಯಾರಿಗೆ ಹೆಚ್ಚಿತ್ತೆಂದು ತಾವೇ ನೋಡಬಹುದು.

ಹಾಗೆಂದು ಉಚಿತ ಪತ್ರಿಕೆ ಎಂದರೆ ಚಿರಂಜೀವಿ ಎಂದು ಹೇಳಲಾರೆ. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ರೇಗ್ ನ್ಯೂಮಾರ್ಕ್ ಎಂಬವರು ಗೆಳೆಯರಿಗೆ ಕಳಿಸುತ್ತಿದ್ದ ಇ-ಮೇಲ್ ಪಟ್ಟಿಯಾಗಿ ಶುರುವಾದ ‘ಕ್ರೇಗ್ಸ್‌ಲಿಸ್ಟ್’, ಬಾಡಿಗೆ ಕೋಣೆಯಿಂದ ಹಳೇ ಕಾರಿನವರೆಗಿನ ಪ್ರಕಟಣೆಗಳನ್ನು ಬಹುಪಾಲು ಉಚಿತವಾಗಿ ಹಾಕತೊಡಗಿತು. ಪತ್ರಿಕೆಗಳ ಹಿಂದಿನ ಪುಟಗಳು ಖಾಲಿಯಾದವು. 2013ರಲ್ಲಿ ‘ಬಾಸ್ಟನ್ ಫೀನಿಕ್ಸ್’ ನಿಂತಿತು. 1966ರಿಂದ ನಡೆದುಬಂದ ‘ಸ್ಯಾನ್ ಫ್ರಾನ್ಸಿಸ್ಕೊ ಬೇ ಗಾರ್ಡಿಯನ್’ 2014ರಲ್ಲಿ ಮುಚ್ಚಿತು. ‘ವಿಲೇಜ್ ವಾಯ್ಸ್’ 2017ರಲ್ಲಿ ವಾರದ ಮುದ್ರಣ ಕೈಬಿಟ್ಟಿತು. ಮಹಾನಗರಗಳ ಹೆಸರಾಂತ ಪತ್ರಿಕೆಗಳು ಹೋದರೂ ಕಡಲತೀರದ ಸಣ್ಣ ಊರಿನವು ಕೆಲವು ಉಳಿದದ್ದಕ್ಕೆ, ಅಲ್ಲಿನ ಸುದ್ದಿಯನ್ನು ಬೇರೆ ಯಾರೂ ಕೊಡದಿರುವುದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. 2015ರ ಮೇ 19ರಂದು ರೆಫ್ಯೂಜಿಯೊ ದಂಡೆಯ ಬಳಿ ಕೊಳವೆ ಒಡೆದು ಮತ್ತೆ ತೈಲ ಕಡಲಿಗೆ ಹರಿದಾಗ, 2018ರ ಜನವರಿ 9ರಂದು ಕಾಳ್ಗಿಚ್ಚಿನಿಂದ ಬೋಳಾಗಿದ್ದ ಬೆಟ್ಟದ ಮೇಲೆ ಮಳೆ ಸುರಿದು ಕೆಸರು ಬಂಡೆಗಳು ಮಾಂಟೆಸಿಟೊ ಎಂಬ ನೆರೆಯೂರಿಗೆ ನುಗ್ಗಿ 23 ಜನ ಸತ್ತಾಗ, ಯಾವ ರಸ್ತೆ, ಯಾರ ಮನೆ, ಮುಂಚಿತವಾಗಿ ಎಚ್ಚರಿಕೆ ಯಾರಿಗೆ ಹೋಗಿತ್ತು ಎಂಬುದನ್ನು ತಿಂಗಳುಗಟ್ಟಲೆ ಬೆನ್ನುಹತ್ತಲು ಊರಿನದೇ ಪತ್ರಿಕೆ ಬೇಕು. 2023ರ ಜುಲೈನಲ್ಲಿ ‘ನ್ಯೂಸ್-ಪ್ರೆಸ್’ ದಿವಾಳಿ ಘೋಷಿಸಿ ನಿಂತಿತು. ಪ್ರತಿಸ್ಪರ್ಧಿ ಇಲ್ಲವಾದದ್ದು ಲಾಭವೆಂದು ಕಾಣಬಹುದು. ಆದರೆ ದಿನಪತ್ರಿಕೆ ಮಾಡುತ್ತಿದ್ದ ಕೋರ್ಟು, ಶಾಲೆ, ಪೊಲೀಸ್ ಠಾಣೆಯ ನಿತ್ಯದ ಕೆಲಸವೂ ವಾರಪತ್ರಿಕೆಯ ಹೆಗಲಿಗೆ ಬೀಳುತ್ತದೆ. ಈಗ ಅಂಥ ಪತ್ರಿಕೆಗಳು ಓದುಗರ ಐಚ್ಛಿಕ ದೇಣಿಗೆಯನ್ನೂ ಕೇಳುತ್ತಿವೆ, ಅಂದರೆ ಲಂಕೇಶರ ದಾರಿಗೆ ಅರ್ಧ ಬಂದಿವೆ.

ತುಮಕೂರಿನಲ್ಲಿ ಏಕಿಲ್ಲ ಎಂಬುದಕ್ಕೆ ನನ್ನ ಉತ್ತರ ತಮಗೆ ಹಿಡಿಸಲಿಕ್ಕಿಲ್ಲ. ಎಂ.ಜಿ. ರಸ್ತೆಯಿಂದ ಮಂಡಿಪೇಟೆಯವರೆಗೆ ನಮ್ಮಲ್ಲಿ ಅಂಗಡಿಗಳಿಗೇನೂ ಬರವಿಲ್ಲ, ಕಾಲೇಜುಗಳ ಸುತ್ತಮುತ್ತ ಬಾಡಿಗೆ ಕೋಣೆ ಹುಡುಕುವ ಹುಡುಗರಿಗೂ ಬರವಿಲ್ಲ. ಆದರೆ ಆ ಅಂಗಡಿಯವರ ಜಾಹೀರಾತಿನ ದುಡ್ಡು ಫ್ಲೆಕ್ಸಿಗೆ, ಕರಪತ್ರಕ್ಕೆ, ಈಚೆಗೆ ಮೊಬೈಲಿಗೆ ಹೋಗುತ್ತದೆ. ಕೋಣೆಯ ಮಾಲೀಕ ಕಾಂಪೌಂಡಿಗೆ ಬೋರ್ಡು ತಗುಲಿಸಿ ಸುಮ್ಮನಾಗುತ್ತಾನೆ. ಜಿಲ್ಲೆಯ ಸಣ್ಣ ಪತ್ರಿಕೆಗೆ ಬರುವುದು ಸರ್ಕಾರಿ ಪ್ರಕಟಣೆ, ಕೋರ್ಟಿನ ನೋಟಿಸು, ರಾಜ್ಯೋತ್ಸವ ವಿಶೇಷಾಂಕದ ಶುಭಾಶಯ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮುಖಂಡರ ಹುಟ್ಟುಹಬ್ಬದ ಪೂರ್ಣಪುಟ. ಕೊಡುವ ಕೈಗಳು ಕೆಲವೇ, ಪ್ರತಿಯೊಂದೂ ಭಾರದ್ದು. ಈ ಸ್ಥಿತಿಯಲ್ಲಿ ಬೆಲೆಯನ್ನೂ ಬಿಟ್ಟುಬಿಟ್ಟರೆ ಉಳಿಯುವುದು ಆ ನಾಲ್ಕು ಭಾರದ ಕೈಗಳೇ. ಹುಟ್ಟುಹಬ್ಬದ ಪುಟ ಹಾಕಿದ ವಾರವೇ ಅದೇ ಮುಖಂಡರ ಕ್ಷೇತ್ರದ ಟೆಂಡರ್ ವಿಚಾರ ಬರೆಯುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ನನಗಿದೆಯೆಂದು ಪಂಥ ಕಟ್ಟಲೂ ನಾನು ಸಿದ್ಧನಿಲ್ಲ.

ಆದಕಾರಣ ನಮ್ಮ ಪತ್ರಿಕೆಯ ಬಿಡಿ ಬೆಲೆಯೂ ಅಂಚೆ ಚಂದಾವೂ ಸದ್ಯಕ್ಕೆ ಇದ್ದಂತೆಯೇ ಇರುತ್ತವೆ. ಸಾಂತಾ ಬಾರ್ಬರಾದಿಂದ ಎರವಲು ತರಬಹುದಾದದ್ದು ಆ ಹಿಂದಿನ ಪುಟ. ಮುಂದಿನ ಸಂಚಿಕೆಯಿಂದ ಕೊನೆಯ ಒಳಪುಟವನ್ನು ಬೆರಳಗಲದ ಜಾಹೀರಾತುಗಳಿಗೆಂದೇ ಮೀಸಲಿಡುತ್ತೇವೆ: ಮನೆ ಬಾಡಿಗೆ, ಪಾಠ, ತೆಂಗಿನ ಸಸಿ, ಹೊಲಿಗೆ, ಹಳೇ ಪುಸ್ತಕ, ಏನಿದ್ದರೂ ಸರಿ. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಜಾಗವಿಲ್ಲ, ಭಾವಚಿತ್ರವಂತೂ ಇಲ್ಲವೇ ಇಲ್ಲ. ತಿಪಟೂರಿನ ಕೊಬ್ಬರಿ ಮಂಡಿಯ ಕಡೆ ತಮಗೆ ಬಳಕೆಯಿದ್ದರೆ, ಅಲ್ಲಿಯ ಹತ್ತು ಅಂಗಡಿಯವರಿಗೆ ಈ ವಿಷಯ ತಿಳಿಸಿ, ಅವರೇನೆಂದರು ಎಂಬುದನ್ನು ಬರೆಯಬೇಕಾಗಿ ಕೋರುತ್ತೇನೆ. ಬೈದಿದ್ದರೆ ಅದನ್ನೂ ಬರೆಯಿರಿ.

ಸಂಪಾದಕ
ತುಮಕೂರು