ಪರದೆಯಲ್ಲೊಂದು ಬಣ್ಣ, ಆಲ್ಬಮ್ಮಿನಲ್ಲೊಂದು ಬಣ್ಣ

ಪ್ರಶ್ನೆ: ಹತ್ತು ವರ್ಷಗಳಿಂದ ನಮ್ಮ ಊರಿನ ಸುತ್ತಮುತ್ತ ಮದುವೆ, ನಾಮಕರಣಗಳ ಫೋಟೊ ತೆಗೆಯುತ್ತಿದ್ದೇನೆ. ಕ್ಯಾಮೆರಾ 24 ಮೆಗಾಪಿಕ್ಸೆಲಿನದು, ಚಿತ್ರಗಳನ್ನು ರಾ ಫೈಲಿನಲ್ಲೇ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಫೈಲು) ತೆಗೆಯುತ್ತೇನೆ. ಎಡಿಟಿಂಗ್ ಮಾಡುವುದು 8 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ. ಆಲ್ಬಮ್ ಶೀಟ್ ತೆರೆದರೆ ಅದು ನಿಂತೇಬಿಡುತ್ತದೆ. ಅದಕ್ಕಿಂತ ದೊಡ್ಡ ತಲೆನೋವೆಂದರೆ, ಪರದೆಯಲ್ಲಿ ಸರಿಯಾಗಿ ಕಂಡ ಚಿತ್ರಗಳು ಲ್ಯಾಬಿನಿಂದ ಕಪ್ಪಗಾಗಿ ಬರುತ್ತವೆ. ಒಂದೂವರೆ ಲಕ್ಷ ರೂಪಾಯಿಯೊಳಗೆ ಹೊಸ ಕಂಪ್ಯೂಟರ್ ಕೊಳ್ಳಬೇಕೆಂದಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಗೇಮಿಂಗ್ ಸೆಟ್ ತೋರಿಸಿ, ಮಾನಿಟರ್ ಯಾವುದಾದರೂ ನಡೆಯುತ್ತದೆ ಎಂದರು. ತೆಗೆದುಕೊಳ್ಳಲೇ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಅವರು ತೋರಿಸಿದ ರೂಪದಲ್ಲೇ ಆ ಸೆಟ್ಟನ್ನು ಕೊಳ್ಳಬೇಡಿ. ನೀವು ಹೇಳಿರುವ ಎರಡು ತೊಂದರೆಗಳ ಮೂಲ ಬೇರೆ ಬೇರೆಯಾಗಿದ್ದು, ದೊಡ್ಡ ಗ್ರಾಫಿಕ್ಸ್ ಕಾರ್ಡಿನಿಂದ ಎರಡೂ ಪರಿಹಾರವಾಗುವುದಿಲ್ಲ.

ಮೊದಲು ಬಣ್ಣದ ವಿಷಯ. ಲ್ಯಾಬಿನವರನ್ನು ದೂರುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ಪರದೆಯ ಮೇಲೆ ಬರಿಯ ಬಿಳಿ ಪುಟವೊಂದನ್ನು ತೆರೆದು, ಪಕ್ಕದಲ್ಲಿ ಒಂದು ಬಿಳಿ ಕಾಗದವನ್ನು ಹಿಡಿಯಿರಿ. ಕಾಗದ ಕಾಗದದಂತೆಯೂ ಪರದೆ ಉರಿಯುತ್ತಿರುವ ಟ್ಯೂಬ್‌ಲೈಟಿನಂತೆಯೂ ಕಂಡರೆ, ಚಿತ್ರಗಳು ಕಪ್ಪಗಾಗಿ ಬರುವುದಕ್ಕೆ ಬಹುಮಟ್ಟಿಗೆ ಅದೇ ಕಾರಣ. ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಕಾರ್ಖಾನೆಯಿಂದಲೇ ಹೆಚ್ಚಿನ ಪ್ರಖರತೆಗೆ ಹೊಂದಿಸಿ ಕಳಿಸಿದ ಪರದೆಯಲ್ಲಿ ಎಲ್ಲವೂ ಬೆಳ್ಳಗೆ ಕಾಣುವುದರಿಂದ, ನಿಮಗೆ ತಿಳಿಯದಂತೆಯೇ ನೀವು ಚಿತ್ರವನ್ನು ಕಪ್ಪು ಮಾಡುತ್ತಾ ಹೋಗುತ್ತೀರಿ. ಮುದ್ರಣಕ್ಕೆ ಹೋಗುವ ಕೆಲಸಕ್ಕೆ ಪ್ರಖರತೆ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ (ಬೆಳಕನ್ನು ಅಳೆಯುವ ಮಾನ) ಇದ್ದರೆ ಸಾಕು; ಕೋಣೆ ಮಬ್ಬಾಗಿದ್ದರೆ 80ಕ್ಕೂ ಇಳಿಸಬಹುದು.

ಹಳೆಯ ಲ್ಯಾಪ್‌ಟಾಪುಗಳ ಪರದೆ ಹಲವೊಮ್ಮೆ ನೀಲಿಯತ್ತ ವಾಲಿರುತ್ತದೆ. ವಧುವಿನ ಮುಖ ಅದರಲ್ಲಿ ಬಿಳಿಚಿಕೊಂಡಂತೆ ಕಾಣುವುದರಿಂದ ನೀವು ಸ್ವಲ್ಪ ಹಳದಿ ಸೇರಿಸುತ್ತೀರಿ. ಮೊದಲೇ ಅರಿಶಿನ ಹಚ್ಚಿದ ಕೆನ್ನೆ. ಆಲ್ಬಮ್ಮಿನಲ್ಲಿ ಅದು ಕಾಮಾಲೆಯವರ ಮುಖದಂತೆ ಬಂದಿರುತ್ತದೆ. ಕೆಂಪು ರೇಷ್ಮೆ ಸೀರೆಯದು ಇನ್ನೊಂದು ಕಥೆ. ಅಗ್ಗದ ಪರದೆಯಲ್ಲಿ ಅದರ ನೆರಿಗೆಗಳೆಲ್ಲ ಒಂದೇ ಬಣ್ಣ ಬಳಿದಂತೆ ಕಾಣುತ್ತವೆ. ನೆರಿಗೆಯ ವಿವರ ಫೈಲಿನಲ್ಲೇ ಇಲ್ಲವೋ, ಇದ್ದೂ ಪರದೆ ತೋರಿಸುತ್ತಿಲ್ಲವೋ ಎಂಬುದು ಗೊತ್ತಾಗುವುದೇ ಇಲ್ಲ. ತಕ್ಕಡಿಯೇ ಸರಿಯಿಲ್ಲದಿದ್ದರೆ ಎಷ್ಟು ಜಾಗ್ರತೆಯಿಂದ ತೂಗಿದರೇನು?

ಆದ್ದರಿಂದ ನಿಮ್ಮ ಹಣದ ಸುಮಾರು ಕಾಲುಭಾಗವನ್ನು ಮಾನಿಟರಿಗೂ ಅದರ ಬಣ್ಣ ಅಳೆಯುವ ಕ್ಯಾಲಿಬ್ರೇಟರಿಗೂ ಮೊದಲೇ ತೆಗೆದಿಡಿ. 27 ಇಂಚಿನ, 2560×1440 ರೆಸಲ್ಯೂಶನ್ನಿನ, ಎಸ್‌ಆರ್‌ಜಿಬಿ (ಸಾಮಾನ್ಯವಾಗಿ ಬಳಸುವ ಪ್ರಮಾಣಿತ ಬಣ್ಣಗಳ ವ್ಯಾಪ್ತಿ) ಬಣ್ಣಗಳನ್ನು ಪೂರ್ತಿಯಾಗಿ ತೋರಿಸಬಲ್ಲ ಐಪಿಎಸ್ ಪ್ಯಾನಲ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆಯ ಪರದೆ) ನಿಮ್ಮ ಕೆಲಸಕ್ಕೆ ತಕ್ಕದ್ದು. ಅದಕ್ಕಿಂತ ಹೆಚ್ಚು ಬಣ್ಣಗಳಿರುವ ಅಡೋಬ್ ಆರ್‌ಜಿಬಿಯನ್ನೂ ತೋರಿಸುವ ದುಬಾರಿ ಮಾನಿಟರ್ ಈಗ ಬೇಡ. ನಿಮ್ಮ ಲ್ಯಾಬ್ ಕೇಳುವುದು ಎಸ್‌ಆರ್‌ಜಿಬಿ ಜೆಪೆಗ್ ಆಗಿದ್ದರೆ, ಆ ಹೆಚ್ಚಿನ ಬಣ್ಣಗಳು ನಿಮ್ಮ ಕಣ್ಣಿಗೆ ಕಂಡರೂ ಆಲ್ಬಮ್ಮಿಗೆ ತಲುಪುವುದಿಲ್ಲ. ಕ್ಯಾಲಿಬ್ರೇಟರೆಂದರೆ ಪರದೆಗೆ ಅಂಟಿಕೊಂಡಂತೆ ತೂಗುಬಿಡುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನ. ಅದನ್ನು ಬಿಳಿಯ ಛಾಯೆಗೆ 6500 ಕೆಲ್ವಿನ್, ನಡುಛಾಯೆಗಳ ಹೊಳಪಿಗೆ ಗಾಮಾ 2.2 ಎಂದು ಹೊಂದಿಸಿ ತಿಂಗಳಿಗೊಮ್ಮೆ ಅಳೆದರೆ ಸಾಕು. ಪ್ರತಿದಿನ ಬಳಸುವ ವಸ್ತುವಲ್ಲವಾದ್ದರಿಂದ ಊರಿನ ಇಬ್ಬರು ಮೂವರು ಛಾಯಾಗ್ರಾಹಕರು ಸೇರಿ ಒಂದನ್ನು ಕೊಂಡರೂ ನಡೆಯುತ್ತದೆ.

ಕೋಣೆಯ ಗೋಡೆಯನ್ನೂ ಗಮನಿಸಿ. ನನ್ನ ಕೆಲಸದ ಕೋಣೆಗೆ ಒಮ್ಮೆ ತಿಳಿಗುಲಾಬಿ ಬಣ್ಣ ಬಳಿಸಿದ್ದೆ. ಕಣ್ಣು ಆ ಬಣ್ಣಕ್ಕೆ ಒಗ್ಗಿಹೋಗಿ, ಆ ವರ್ಷದ ಆಲ್ಬಮ್ಮುಗಳಲ್ಲಿ ಮುಖಗಳೆಲ್ಲ ತುಸು ಗುಲಾಬಿಯಾಗಿ ಬಂದ ಮೇಲೆ ಗೋಡೆಗೆ ಬೂದು ಬಣ್ಣ ಹೊಡೆಸಿದೆ.

ಇನ್ನು ಯಂತ್ರ ನಿಂತುಬಿಡುವ ವಿಷಯ. ಸರಳವಾದ ಲೆಕ್ಕ ಹಾಕಿ ನೋಡೋಣ. 12×36 ಇಂಚಿನ ಆಲ್ಬಮ್ ಶೀಟ್ 300 ಡಿಪಿಐನಲ್ಲಿದ್ದರೆ (ಇಂಚಿಗೆ 300 ಚುಕ್ಕಿ) 3600×10800, ಅಂದರೆ ಸುಮಾರು 3.9 ಕೋಟಿ ಪಿಕ್ಸೆಲುಗಳಾಗುತ್ತವೆ. ಒಂದು ಪಿಕ್ಸೆಲಿಗೆ ಮೂರು ಬೈಟಿನಂತೆ, ಶೀಟನ್ನು ಪೂರ್ತಿ ತುಂಬುವ ಒಂದೊಂದು ಲೇಯರೂ, ಅಂದರೆ ಪದರವೂ, ಹತ್ತಿರಹತ್ತಿರ 117 ಎಂಬಿ ಜಾಗ ಬೇಡುತ್ತದೆ. ಹಿನ್ನೆಲೆ, ಫೋಟೊ, ನೆರಳು, ಅಲಂಕಾರ ಎಂದು ಹತ್ತು ಲೇಯರ್ ಇರುವ ನಾಲ್ಕು ಶೀಟುಗಳನ್ನು ಒಟ್ಟಿಗೆ ತೆರೆದರೆ ನಾಲ್ಕೂವರೆ ಜಿಬಿ ದಾಟಬಹುದು. ಹಿಂದಕ್ಕೆ ಹೋಗಲು ಫೋಟೊಶಾಪ್ ಕಾದಿಟ್ಟುಕೊಳ್ಳುವ ಹಿಸ್ಟರಿಯೂ ವಿಂಡೋಸ್ ತನಗಾಗಿ ಹಿಡಿದುಕೊಳ್ಳುವ ಜಾಗವೂ ಅದರ ಮೇಲೆ. 8 ಜಿಬಿ ರ‍್ಯಾಮ್ ತುಂಬಿದೊಡನೆ ಫೋಟೊಶಾಪ್ ಉಳಿದದ್ದನ್ನು ಡಿಸ್ಕಿಗೆ ಬರೆಯತೊಡಗುತ್ತದೆ. ಅದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ನೀವು ಚಹಾ ಕುಡಿದು ಬರಬೇಕಾಗುತ್ತದೆ. 32 ಜಿಬಿ ರ‍್ಯಾಮ್ ಹಾಕಿಸಿ, ಇನ್ನೆರಡು ಸ್ಲಾಟ್ ಖಾಲಿ ಇರುವ ಮದರ್‌ಬೋರ್ಡ್ ಕೇಳಿ. ವಿಂಡೋಸ್, ಸಾಫ್ಟ್‌ವೇರ್ ಮತ್ತು ಕೈಯಲ್ಲಿರುವ ಮದುವೆಯ ಫೈಲುಗಳಿಗೆ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಾದ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ.

ಪ್ರೊಸೆಸರ್ ಮಧ್ಯಮ ದರ್ಜೆಯದಾದರೆ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ ಎನ್ನುತ್ತಿಲ್ಲ. ಫೋಟೊ ತಿದ್ದುವ ಲೈಟ್‌ರೂಮಿಗೆ 2023ರಲ್ಲಿ ಬಂದ, ಚಿತ್ರದ ಕಾಳುಕಾಳನ್ನು ತೆಗೆಯುವ ಎಐ ಡಿನಾಯ್ಸ್ ಹೆಚ್ಚಾಗಿ ಅದನ್ನೇ ನಂಬಿದೆ. ಮಂದ ಬೆಳಕಿನ ಛತ್ರದಲ್ಲಿ ಹೆಚ್ಚಿನ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ತೆಗೆದ ನೂರಾರು ಚಿತ್ರಗಳನ್ನು ಅದರಿಂದ ಹಾಯಿಸುವುದಾದರೆ 8 ಜಿಬಿ ಮೆಮೊರಿಯ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡದು ಆಟವಾಡುವವರಿಗಿರಲಿ.

ಪ್ರಶ್ನೆ: ಒಂದು ಮದುವೆಗೆ ಮೂರು ಸಾವಿರ ಚಿತ್ರಗಳಾಗುತ್ತವೆ. ಎಲ್ಲವನ್ನೂ ಎಲ್ಲಿ ಇಡುವುದು? ನಮ್ಮಲ್ಲಿ ಕರೆಂಟೂ ಆಗಾಗ ಹೋಗುತ್ತದೆ.
— ಓದುಗರೊಬ್ಬರು, ಶಿರಸಿ

ಉತ್ತರ: ರಾ ಫೈಲೊಂದಕ್ಕೆ 25ರಿಂದ 30 ಎಂಬಿ ಎಂದರೂ ಒಂದು ಮದುವೆಗೆ 75ರಿಂದ 90 ಜಿಬಿಯಾಯಿತು. ಕೆಲಸ ಮುಗಿದದ್ದನ್ನು ದೊಡ್ಡ ಹಾರ್ಡ್ ಡಿಸ್ಕಿಗೆ ಸಾಗಿಸಿ. ಸುಮ್ಮನೆ ಇಟ್ಟುಕೊಳ್ಳುವುದಕ್ಕೆ ಅದರ ವೇಗ ಸಾಕು, ಬೆಲೆಯೂ ಕಡಿಮೆ. ಆದರೆ ಒಂದೇ ಡಿಸ್ಕಿನಲ್ಲಿರುವುದನ್ನು ಬ್ಯಾಕಪ್ ಎನ್ನಲಾಗದು. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬುದು ಈ ವೃತ್ತಿಯಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಕನಿಷ್ಠ ಎರಡು ಕಡೆ ನಕಲಾಗಿ, ನಾಲ್ಕಾರು ಫೈಲುಗಳನ್ನು ತೆರೆದು ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲೇಬೇಕು. ನಕಲು ನಡೆಯುತ್ತಿರುವಾಗ ಕರೆಂಟು ಹೋದರೆ ಅರ್ಧ ಬರೆದ ಫೈಲಿನ ಜೊತೆಗೆ ಕೆಲವೊಮ್ಮೆ ಇಡೀ ಡಿಸ್ಕೇ ಓದಲಾಗದಂತಾಗುತ್ತದೆ.

ಪ್ರಶ್ನೆ: ವಿಂಡೋಸ್ ಬಿಟ್ಟು ಆ್ಯಪಲ್ ಮ್ಯಾಕ್‌ಗೆ ಹೋಗಲೇ? ಚಿತ್ರಗಳ ಗುಣಮಟ್ಟ ಹೆಚ್ಚುತ್ತದೆ ಎನ್ನುತ್ತಾರೆ.
— ಓದುಗರೊಬ್ಬರು, ಧಾರವಾಡ

ಉತ್ತರ: ಫೋಟೊಶಾಪ್, ಲೈಟ್‌ರೂಮ್ ಎರಡರಲ್ಲೂ ಒಂದೇ, ಗುಣಮಟ್ಟದಲ್ಲಿ ವ್ಯತ್ಯಾಸವಿಲ್ಲ. ಈಗಿನ ಮ್ಯಾಕ್‌ಬುಕ್ಕುಗಳ ಪರದೆ ಚೆನ್ನಾಗಿರುವುದು ನಿಜ, ಆದರೆ ಅವುಗಳ ರ‍್ಯಾಮನ್ನು ಕೊಂಡ ಮೇಲೆ ಹೆಚ್ಚಿಸಲಾಗದು; ಬೇಕಾದಷ್ಟನ್ನು ಮೊದಲೇ ಹಾಕಿಸಿಕೊಳ್ಳಬೇಕು. ನೀವು ಬಳಸುವ ಆಲ್ಬಮ್ ಡಿಸೈನ್ ಸಾಫ್ಟ್‌ವೇರ್ ವಿಂಡೋಸಿಗೆ ಮಾತ್ರ ಇದೆಯೇ ಎಂದು ವಿಚಾರಿಸಿಕೊಳ್ಳಿ. ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ವಿಂಡೋಸಿನಲ್ಲಿ ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸುವ ವಿಂಡೋಸಿನ ಮಾದರಿ) ಮಾಡಿಟ್ಟ ನಿಮ್ಮ ಹಳೆಯ ಹಾರ್ಡ್ ಡಿಸ್ಕುಗಳನ್ನು ಮ್ಯಾಕ್ ಓದುತ್ತದೆ, ಆದರೆ ಬೇರೆ ಸಾಫ್ಟ್‌ವೇರ್ ಹಾಕದೆ ಅವುಗಳಿಗೆ ಬರೆಯುವುದಿಲ್ಲ. ಎರಡರಲ್ಲೂ ನಡೆಯಬೇಕಾದ ಡಿಸ್ಕನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಹಾಗೆ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುವುದರಿಂದ ಫೈಲುಗಳನ್ನು ಮೊದಲು ಬೇರೆಡೆಗೆ ನಕಲಿಸಿಕೊಳ್ಳಿ.