ಲಿಪ್ಪೆ ಚುನಾವಣೆಯಿಂದಲೇ ಹಿಟ್ಲರ್ ಬಂದ ಅಂತ ಪ್ರಾಜೆಕ್ಟ್ ಬರೆಯಬಹುದಾ?

ಹಿಟ್ಲರ್‌ಗೆ ಗದ್ದುಗೆ ಕೊಡಿಸಿದ್ದು ಜರ್ಮನಿಯ ಲಿಪ್ಪೆ ರಾಜ್ಯದ 1933ರ ಚುನಾವಣೆಯಾ, ಪ್ರಷ್ಯಾ ರಾಜ್ಯದ 1932ರ ಚುನಾವಣೆಯಾ, ಎಂ.ಎ. ಪ್ರಾಜೆಕ್ಟ್‌ಗೆ ಯಾವುದನ್ನು ತಗೊಳ್ಳಲಿ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಾನೂ ಲಿಪ್ಪೆಯನ್ನೇ ಹಿಡಿದುಕೊಂಡು ಹೋಗಿ ವೈವಾದಲ್ಲಿ ಸಿಕ್ಕಿಬಿದ್ದವನು.

ಲಿಪ್ಪೆ ಮೇಲೆ ಯಾರಿಗಾದರೂ ಮನಸ್ಸಾಗುತ್ತೆ ಬಿಡಿ. ಎರಡು ಲಕ್ಷವೂ ಜನ ಇಲ್ಲದ ಪುಟ್ಟ ರಾಜ್ಯ. ಡೆಟ್‌ಮೋಲ್ಡ್ ಅದರ ರಾಜಧಾನಿ. ಸದನದಲ್ಲಿ ಬರೀ 21 ಸೀಟು. 1932ರ ನವೆಂಬರ್‌ನ ರಾಷ್ಟ್ರೀಯ ಚುನಾವಣೆಯಲ್ಲಿ ನಾಜಿ ಪಕ್ಷ ಇಪ್ಪತ್ತು ಲಕ್ಷ ಮತ ಕಳೆದುಕೊಂಡಿತ್ತು. ಡಿಸೆಂಬರ್‌ನಲ್ಲಿ ಪಕ್ಷದ ದೊಡ್ಡ ನಾಯಕ ಗ್ರೆಗೋರ್ ಸ್ಟ್ರಾಸರ್ ತನ್ನ ಹುದ್ದೆಗಳಿಗೆ ರಾಜೀನಾಮೆ ಕೊಟ್ಟು ಎದ್ದು ಹೋಗಿದ್ದ. ಪಕ್ಷದ ಖಜಾನೆ ಖಾಲಿ. ಅಂಥ ಹೊತ್ತಲ್ಲಿ ಹಿಟ್ಲರ್ ಗ್ರೆವೆನ್‌ಬುರ್ಗ್ ಎಂಬ ಕೋಟೆಮನೆಯಲ್ಲಿ ಉಳಿದುಕೊಂಡು, ಊರೂರು ತಿರುಗಿ, ಹದಿನಾರು ಸಭೆಗಳಲ್ಲಿ ಮಾತಾಡಿದ. ದೊಡ್ಡ ಸಭಾಂಗಣ ಇಲ್ಲದ ಊರುಗಳಲ್ಲಿ ಡೇರೆ ಹಾಕಿಸಿದರು. ನಮ್ಮಲ್ಲಿ ಒಂದು ಉಪಚುನಾವಣೆಗೆ ಇಡೀ ಸಂಪುಟ ಹೋಗಿ ತಾಲ್ಲೂಕಿನಲ್ಲಿ ಠಿಕಾಣಿ ಹೂಡುತ್ತಲ್ಲ, ಹಾಗೆ. ಜನವರಿ 15ರಂದು ಮತದಾನ. ನಾಜಿಗಳಿಗೆ ಶೇ. 39.5 ಮತ, 9 ಸೀಟು. ಜನವರಿ 30ಕ್ಕೆ ಹಿಟ್ಲರ್ ಚಾನ್ಸೆಲರ್, ಅಂದರೆ ಜರ್ಮನಿಯ ಪ್ರಧಾನಿ. ಹದಿನೈದೇ ದಿನದ ಅಂತರ! ಇನ್ನೇನು ಬೇಕು ಅಂದುಕೊಂಡೆ.

ನಾನು ಹಾಕಿದ್ದ ಚಿತ್ರದಲ್ಲಿ ಎರಡೇ ಕಂಬ. ಲಿಪ್ಪೆಯಲ್ಲಿ ನವೆಂಬರ್‌ನಲ್ಲಿ ನಾಜಿಗಳಿಗೆ ಬಿದ್ದ ಮತ 33,038, ಜನವರಿಯಲ್ಲಿ 39,064. ಏರಿಕೆ ಕಣ್ಣಿಗೆ ಹೊಡೆಯುವ ಹಾಗಿತ್ತು. ಪರೀಕ್ಷಕರು ಏನೂ ಹೇಳಲಿಲ್ಲ. ಪೆನ್ಸಿಲ್ ತೆಗೆದು ಎಡಗಡೆ ಇನ್ನೊಂದು ಕಂಬ ಗೀಚಿದರು. ನನ್ನ ಎರಡೂ ಕಂಬಕ್ಕಿಂತ ಎತ್ತರ. ಕೆಳಗೆ "ಜುಲೈ" ಅಂತ ಬರೆದು ನನ್ನ ಕಡೆ ತಿರುಗಿಸಿದರು.

1932ರ ಜುಲೈನಲ್ಲಿ ಇದೇ ಲಿಪ್ಪೆಯಲ್ಲಿ ನಾಜಿಗಳಿಗೆ 42,280 ಮತ ಬಂದಿತ್ತು. ಅಂದರೆ ಅಷ್ಟೆಲ್ಲ ಸಭೆ, ಡೇರೆ, ಓಡಾಟ ಆದ ಮೇಲೂ ಆರು ತಿಂಗಳ ಹಿಂದಿನ ಮಟ್ಟ ಮುಟ್ಟೋಕೆ ಮೂರು ಸಾವಿರಕ್ಕೂ ಜಾಸ್ತಿ ಮತ ಕಡಿಮೆ ಬಿತ್ತು. ಜುಲೈ ಅಂಕಿ ನನಗೆ ಗೊತ್ತಿರಲಿಲ್ಲ ಅಂತಲ್ಲ. ನೋಟ್ಸ್‌ನಲ್ಲಿ ಬರೆದುಕೊಂಡಿದ್ದೆ. ಹಿಂದಿನ ಚುನಾವಣೆಯ ಜೊತೆ ಹೋಲಿಸಿದರೆ ಸಾಕು ಅಂತ ಬಿಟ್ಟಿದ್ದೆ. ನವೆಂಬರ್ ಅವರಿಗೆ ಪಾತಾಳ. ಪಾತಾಳದಿಂದ ಅಳೆದರೆ ಯಾವುದೂ ಎತ್ತರವೇ. ಆಗ ನಾಜಿ ಪತ್ರಿಕೆಗಳು ಮಾಡಿದ್ದೂ ಇದನ್ನೇ. ಅವರ ಪ್ರಚಾರವನ್ನು ತೊಂಬತ್ತು ವರ್ಷದ ಮೇಲೆ ನಾನು ಗ್ರಾಫ್ ಪೇಪರ್ ಮೇಲೆ ಪುಕ್ಕಟೆ ಮುಂದುವರಿಸಿದ್ದೆ! ಜೊತೆಗೆ, ಅದೇ ಜನವರಿಯಲ್ಲಿ ಸಮಾಜವಾದಿಗಳ ಮತವೂ ಏರಿತ್ತು. ಅದನ್ನೂ ನಾನು ಹಾಕಿರಲಿಲ್ಲ. ಮಾರ್ಕ್ಸ್ ಎಷ್ಟು ಹೋಯಿತು ಅಂತ ಕೇಳಬೇಡಿ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾವ ರಾಜ್ಯದ ಮತದಾರರೂ ಅವನಿಗೆ ಗದ್ದುಗೆ ಕೊಡಲಿಲ್ಲ. ಜನವರಿ 4ರಂದು ಏನಾಯಿತು ನೋಡಿ. ಸಂಜೆ ಹಿಟ್ಲರ್ ಲಿಪ್ಪೆಯಲ್ಲಿ ಪ್ರಚಾರ ಶುರು ಮಾಡಿದ. ಅದೇ ದಿನ ಅದಕ್ಕೆ ಮುಂಚೆ, ಕಲೋನ್‌ನಲ್ಲಿ ಶ್ರೋಡರ್ ಎಂಬ ಬ್ಯಾಂಕರ್ ಮನೆಯಲ್ಲಿ ಮಾಜಿ ಚಾನ್ಸೆಲರ್ ಪಾಪೆನ್ ಜೊತೆ ಕೂತು ಮಾತಾಡಿ ಬಂದಿದ್ದ. ಕೆಲಸ ಆಗಿದ್ದು ಅಂಥ ಕೋಣೆಗಳಲ್ಲಿ. ಲಿಪ್ಪೆ ಫಲಿತಾಂಶ ಆ ಮಾತುಕತೆಯಲ್ಲಿ ಅವನ ಕೈ ಸ್ವಲ್ಪ ಬಲಮಾಡಿತು, ಅಷ್ಟೇ.

ಪ್ರಷ್ಯಾ ತಗೊಳ್ಳಿ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಜರ್ಮನಿಯ ಸುಮಾರು ಐದರಲ್ಲಿ ಮೂರು ಪಾಲು ಜನ ಅಲ್ಲಿದ್ದರು. 1932ರ ಏಪ್ರಿಲ್ 24ರಂದು ನಾಜಿಗಳು 423 ಸೀಟುಗಳಲ್ಲಿ 162 ಗೆದ್ದರು. ಕಮ್ಯುನಿಸ್ಟರು 57. ಇಬ್ಬರೂ ಸೇರಿದರೆ 219. ಯಾವ ಸರ್ಕಾರವನ್ನಾದರೂ ಬೀಳಿಸಬಹುದು, ಆದರೆ ಈ ಇಬ್ಬರು ಸೇರಿ ಸರ್ಕಾರ ಮಾಡೋದು ಕನಸಿನ ಮಾತು. ಮಜಾ ಏನಂದರೆ, ಚುನಾವಣೆಗೆ ಹನ್ನೆರಡು ದಿನ ಮುಂಚೆ ಹಳೇ ಸದನ ಒಂದು ನಿಯಮ ಬದಲಿಸಿತ್ತು. ಪ್ರಷ್ಯಾ ಸರ್ಕಾರದ ಮುಖ್ಯಸ್ಥನಾಗಲು ಸದನದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕೇ ಬೇಕು ಅಂತ. ನಾಜಿಗಳನ್ನು ತಡೆಯಲು ಹಾಕಿದ ಬೇಲಿ ಅದು. ತಡೆಯಿತು ಕೂಡ. ಆದರೆ ಯಾರಿಗೂ ಬಹುಮತ ಇಲ್ಲದೆ, ಸಮಾಜವಾದಿ ಒಟ್ಟೋ ಬ್ರೌನ್ ಸರ್ಕಾರ ಬರೀ ಉಸ್ತುವಾರಿ ಸರ್ಕಾರವಾಗಿ ನೇತಾಡಿತು. ಜುಲೈ 20ರಂದು, ಆಗ ಚಾನ್ಸೆಲರ್ ಆಗಿದ್ದ ಪಾಪೆನ್, ಅಧ್ಯಕ್ಷ ಹಿಂಡೆನ್‌ಬುರ್ಗ್‌ರ ಆದೇಶ ಹಿಡಿದು ಅದನ್ನು ಎತ್ತಿ ಬಿಸಾಕಿದ. ಪ್ರಷ್ಯಾದ ಆಲ್ಟೋನಾ ಊರಲ್ಲಿ ನಾಜಿಗಳಿಗೂ ಕಮ್ಯುನಿಸ್ಟರಿಗೂ ಆದ ಬೀದಿ ಕಾಳಗ ಅದಕ್ಕೆ ನೆಪ. ಪ್ರಷ್ಯಾದ ಪೊಲೀಸ್ ಪಡೆ ಚುನಾಯಿತ ಸರ್ಕಾರದ ಕೈತಪ್ಪಿತು. ಮುಂದೆ ಹಿಟ್ಲರ್ ಚಾನ್ಸೆಲರ್ ಆದಾಗ ಆ ಪಡೆ ಅವನ ಆಪ್ತ ನಾಜಿ ನಾಯಕ ಗೋರಿಂಗ್ ಕೈಗೆ ಸಲೀಸಾಗಿ ಸಿಕ್ಕಿತು.

ಆ ನಿಯಮ ಬದಲಾವಣೆ ಒಂದೇ ಒಂದು ಪೂರ್ತಿ ಅಧ್ಯಾಯ ಆಗುತ್ತೆ. ಅಲ್ಲಿಂದ ಶುರು ಮಾಡಿ. ಹಿಟ್ಲರ್ ಹೆಸರು ಶೀರ್ಷಿಕೆಯಲ್ಲಿ ಇರಲೇಬೇಕು ಅಂತ ನಿಮ್ಮ ಗೈಡ್ ಹಠ ಹಿಡಿದರೆ ಸುಮ್ನೆ ಇಟ್ಟುಬಿಡಿ, ಒಳಗೆ ಬ್ರೌನ್ ಮತ್ತು ಪಾಪೆನ್ ಬಗ್ಗೆ ಬರೆಯಿರಿ.